ನಿಮ್ಮ ಎಂಎಲ್‌ಎ ಬಗ್ಗೆ ಒಂದು ಫೈಲ್ ಮಾಡಿಡಿ: ಹಾಸನ, ಚಿಕ್ಕಮಗಳೂರಿನವರಿಗೆ

ಶೃಂಗೇರಿ ಕ್ಷೇತ್ರದಲ್ಲಿ 2023ರ ಮೇ 13ರಂದು ಘೋಷಣೆಯಾದ ಗೆಲುವಿನ ಅಂತರ 201 ಮತ. ಮೂಡಿಗೆರೆಯಲ್ಲಿ 722. ನಮ್ಮ ಕಡೆ ಒಂದು ಸಾಧಾರಣ ಮದುವೆಗೆ ಇದಕ್ಕಿಂತ ಜಾಸ್ತಿ ಜನ ಊಟಕ್ಕೆ ಕೂರುತ್ತಾರೆ. ಇಷ್ಟೇ ಮತದಲ್ಲಿ ಐದು ವರ್ಷದ ಅಧಿಕಾರ ಯಾರಿಗೆ ಅಂತ ತೀರ್ಮಾನ ಆಗುತ್ತದೆ. ಹಾಗಿರುವಾಗ ನಾವು ಯಾವ ಆಧಾರದ ಮೇಲೆ ಮತ ಹಾಕುತ್ತಿದ್ದೇವೆ? ಸಂತೆಯಲ್ಲಿ ಕೇಳಿದ ಮಾತು, ವಾಟ್ಸಾಪ್‌ನಲ್ಲಿ ಬಂದ ವಿಡಿಯೋ, ಮನೆಯ ತಿಥಿಗೋ ಮದುವೆಗೋ ಅವರು ಬಂದಿದ್ದರಾ ಇಲ್ಲವಾ ಅನ್ನೋದು. ಬಂದಿದ್ದರೆ ಒಳ್ಳೆಯದೇ. ಆದರೆ ಅವರನ್ನು ಕಳಿಸಿದ್ದು ವಿಧಾನಸಭೆಗೆ ಅಲ್ವಾ?

ಅದಕ್ಕೇ ನಾನು ನಮ್ಮ ಶಾಸಕರ ಬಗ್ಗೆ ಒಂದು ಫೈಲ್ ಇಟ್ಟುಕೊಂಡಿದ್ದೇನೆ. ನೀವೂ ಮಾಡಿ. ಎರಡು ಭಾನುವಾರ ಸಾಕು, ಖರ್ಚು ಜೆರಾಕ್ಸ್‌ಗೆ ಆಗುವಷ್ಟೇ.

ಮೊದಲು ನಿಮ್ಮ ಕ್ಷೇತ್ರ ಯಾವುದು ಅಂತ ಖಚಿತ ಮಾಡಿಕೊಳ್ಳಿ. ತಾಲ್ಲೂಕು ಬೇರೆ, ಕ್ಷೇತ್ರ ಬೇರೆ. ಆಲೂರಿನವರು ಸಕಲೇಶಪುರ ಕ್ಷೇತ್ರಕ್ಕೆ ಸೇರುತ್ತಾರೆ, ಕೊಪ್ಪ ಮತ್ತು ಎನ್.ಆರ್. ಪುರದವರು ಶೃಂಗೇರಿಗೆ. ಈಗ ಹಾಸನ ಜಿಲ್ಲೆಯಲ್ಲಿ 7, ಚಿಕ್ಕಮಗಳೂರಿನಲ್ಲಿ 5 ಕ್ಷೇತ್ರ ಇವೆ. ಹಳೆಯ ಫಲಿತಾಂಶ ನೋಡುವಾಗ ಇಲ್ಲಿ ಎಡವುವುದು ಸುಲಭ. 2008ರಲ್ಲಿ ಕ್ಷೇತ್ರಗಳ ಗಡಿ ಬದಲಾಯಿತು. ಗಂಡಸಿ ಮತ್ತು ಬೀರೂರು ಕ್ಷೇತ್ರಗಳು ಅಲ್ಲಿಗೆ ಮುಗಿದವು, ಸಕಲೇಶಪುರ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ ಆಯಿತು. ಹಾಗಾಗಿ 2004ರ ಲೆಕ್ಕವನ್ನೂ 2008ರ ಲೆಕ್ಕವನ್ನೂ ಪಕ್ಕ ಪಕ್ಕ ಇಟ್ಟು ಮತ ಏರಿತು, ಇಳಿಯಿತು ಅಂತ ಹೇಳಬೇಡಿ. ಹೆಸರು ಒಂದೇ ಇದ್ದರೂ ಒಳಗಿರುವ ಊರುಗಳು ಬೇರೆ.

ಫೈಲಿನ ಮೊದಲ ಹಾಳೆಯಲ್ಲಿ ಶಾಸಕರು ನಿಂತ ಎಲ್ಲಾ ಚುನಾವಣೆ ಬರೆಯಿರಿ. ಸೋತಿದ್ದನ್ನೂ ಬರೆಯಿರಿ. ವರ್ಷ, ಕ್ಷೇತ್ರ, ಪಕ್ಷ, ಅಂತರ, ಎರಡನೇ ಸ್ಥಾನದಲ್ಲಿ ಇದ್ದವರು ಯಾರು. ಪಕ್ಷದ ಹೆಸರಿನಲ್ಲಿ ಹುಡುಕಬೇಡಿ, ವ್ಯಕ್ತಿಯ ಹೆಸರಿನಲ್ಲೇ ಹುಡುಕಿ. ನಮ್ಮ ಎರಡು ಜಿಲ್ಲೆಯಲ್ಲಿ ಇದು ಬಹಳ ಮುಖ್ಯ. ಅರಸೀಕೆರೆಯ ಕೆ.ಎಂ. ಶಿವಲಿಂಗೇಗೌಡರು 2008, 2013, 2018ರಲ್ಲಿ ಜೆಡಿಎಸ್‌ನಿಂದ ಗೆದ್ದು 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. ಅರಕಲಗೂಡಿನ ಎ. ಮಂಜು ಅವರು ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಮೂರೂ ಪಕ್ಷದಿಂದ ಚುನಾವಣೆಗೆ ನಿಂತವರು. ಚಿಕ್ಕಮಗಳೂರಿನಲ್ಲಿ 2004ರಿಂದ ನಾಲ್ಕು ಸಲ ಗೆದ್ದಿದ್ದ ಸಿ.ಟಿ. ರವಿ ಅವರನ್ನು 2023ರಲ್ಲಿ ಸೋಲಿಸಿದ ಎಚ್.ಡಿ. ತಮ್ಮಯ್ಯ, ಆ ಚುನಾವಣೆಗೆ ಸ್ವಲ್ಪ ಮೊದಲಷ್ಟೇ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಬಂದಿದ್ದರು. ಇಷ್ಟೇ ಏಕೆ, ಹೊಳೆನರಸೀಪುರದಿಂದ 1962ರಲ್ಲಿ ಎಚ್.ಡಿ. ದೇವೇಗೌಡರು ಮೊದಲ ಸಲ ಗೆದ್ದಿದ್ದೇ ಪಕ್ಷೇತರರಾಗಿ. ಪಕ್ಷ ಬದಲಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಯಾವಾಗ ಬದಲಿಸಿದರು ಅನ್ನೋದು ಹಾಳೆಯಲ್ಲಿ ಇರಲಿ ಅಷ್ಟೇ.

ಇನ್ನು ಅಫಿಡವಿಟ್. ನಿಮಗೆ ಸಮಯ ಕಡಿಮೆ ಇದ್ದರೆ ಉಳಿದಿದ್ದು ಬಿಟ್ಟು ಇದೊಂದನ್ನು ಓದಿ. ನಾಮಪತ್ರದ ಜೊತೆ ಪ್ರತಿ ಅಭ್ಯರ್ಥಿಯೂ ನಮೂನೆ 26ರಲ್ಲಿ ಪ್ರಮಾಣ ಪತ್ರ ಕೊಡಬೇಕು. ಆಸ್ತಿ, ಸಾಲ, ಓದು, ಕ್ರಿಮಿನಲ್ ಕೇಸು, ಹೆಂಡತಿ ಅಥವಾ ಗಂಡ ಮತ್ತು ಅವಲಂಬಿತರ ಆಸ್ತಿ, ಐದು ವರ್ಷದ ಐಟಿ ರಿಟರ್ನ್‌ನಲ್ಲಿ ತೋರಿಸಿದ ಆದಾಯ, ಎಲ್ಲಾ ಅದರಲ್ಲೇ ಇರುತ್ತದೆ. ಚುನಾವಣಾ ಆಯೋಗದ ಅಫಿಡವಿಟ್ ಪೋರ್ಟಲ್‌ನಲ್ಲಿ ಸಿಗುತ್ತದೆ. ಮೈನೇತಾ ಅನ್ನುವ ಜಾಲತಾಣದಲ್ಲಿ ಸಾರಾಂಶ ಇರುತ್ತದೆ, ಆದರೆ ಸಾಧ್ಯವಾದರೆ ಮೂಲ ಸ್ಕ್ಯಾನ್ ಪ್ರತಿಯನ್ನೇ ಓದಿ. 2018ರದ್ದು ಒಂದು, 2023ರದ್ದು ಒಂದು ಪ್ರಿಂಟ್ ತೆಗೆದು ಸಾಲು ಸಾಲು ಹೋಲಿಸಿ.

ಹೋಲಿಸುವಾಗ ರೂಪಾಯಿ ನೋಡಿ ಗಾಬರಿ ಆಗಬೇಡಿ. ಎಕರೆ ನೋಡಿ. ಮಲೆನಾಡಿನಲ್ಲಿ ಕಾಫಿ ತೋಟದ ಬೆಲೆ ಏರಿದರೆ, ಒಂದು ಗುಂಟೆ ಹೊಸದಾಗಿ ಕೊಳ್ಳದಿದ್ದರೂ ಆಸ್ತಿ ಮೌಲ್ಯ ದುಪ್ಪಟ್ಟು ಆಗಬಹುದು. ಸರ್ವೆ ನಂಬರ್ ಹೊಸದಾಗಿ ಸೇರಿದೆಯಾ? ಪಿತ್ರಾರ್ಜಿತವಾ, ಕೊಂಡಿದ್ದಾ? ಕೊಂಡಿದ್ದರೆ ಯಾವ ತಾರೀಕು? ಈ ಮೂರಕ್ಕೂ ಪ್ರತ್ಯೇಕ ಜಾಗ ಆ ನಮೂನೆಯಲ್ಲೇ ಇದೆ. ಹಾಗೆಯೇ, ಕೃಷಿ ಆದಾಯಕ್ಕೆ ಬಹುಮಟ್ಟಿಗೆ ಆದಾಯ ತೆರಿಗೆ ಇಲ್ಲ. ದೊಡ್ಡ ತೋಟ ಇರುವವರ ಐಟಿ ರಿಟರ್ನ್ ಆದಾಯ ಚಿಕ್ಕದಾಗಿ ಕಂಡರೆ ಅದು ತಾನೇ ತಾನಾಗಿ ಮೋಸ ಅಲ್ಲ. ಕೇಸುಗಳ ವಿಷಯದಲ್ಲೂ ಅಷ್ಟೇ. ಬಾಕಿ ಇರುವ ಕೇಸಿಗೂ ಶಿಕ್ಷೆ ಆದ ಕೇಸಿಗೂ ಬೇರೆ ಬೇರೆ ಅಂಕಣ ಇದೆ. ರಸ್ತೆ ತಡೆ ಮಾಡಿದ್ದಕ್ಕೆ ಬಿದ್ದ ಕೇಸನ್ನೂ ವಂಚನೆ ಕೇಸನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಸೆಕ್ಷನ್ ಓದಿ.

ನಿಮ್ಮ ಬೂತಿನಲ್ಲಿ ಯಾರಿಗೆ ಎಷ್ಟು ಬಂತು ಅಂತ ನಮೂನೆ 20ರಲ್ಲಿ ಸಿಗುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಹುಡುಕಿ. ಬೂತ್ ನಂಬರ್ ಚುನಾವಣೆಯಿಂದ ಚುನಾವಣೆಗೆ ಬದಲಾಗಬಹುದು. ಅದಕ್ಕೇ ಶಾಲೆಯ ಹೆಸರು ಇಟ್ಟುಕೊಂಡು ತಾಳೆ ನೋಡಿ.

ಸದನದ ಕೆಲಸ ಯಾರೂ ನೋಡುವುದಿಲ್ಲ, ನನಗೆ ಇದೇ ದೊಡ್ಡ ಬೇಸರ. ವಿಧಾನಸಭೆಯ ಜಾಲತಾಣದಲ್ಲಿ ಪ್ರಶ್ನೋತ್ತರ ಮತ್ತು ನಡವಳಿಗಳು ಇರುತ್ತವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು, ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ. ಆನೆ ಹಾವಳಿಯಿಂದ ನಮ್ಮ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಜನ ಸಾಯುತ್ತಿದ್ದಾರೆ, ಸಂಜೆ ಆರರ ಮೇಲೆ ತೋಟದ ಲೈನ್ ಮನೆಯಿಂದ ಹೊರಗೆ ಕಾಲಿಡಲು ಹೆದರುವ ಕೂಲಿಯವರು ಇದ್ದಾರೆ, ಹಾಗಿರುವಾಗ ನಮ್ಮ ಶಾಸಕರು ಆ ಬಗ್ಗೆ ಎಷ್ಟು ಸಲ ಪ್ರಶ್ನೆ ಕೇಳಿದರು, ಮಂತ್ರಿ ಏನು ಉತ್ತರ ಕೊಟ್ಟರು, ಅದಾದ ಮೇಲೆ ಬೆನ್ನು ಹತ್ತಿದರಾ ಅಂತ ನೋಡುವುದು ನಮ್ಮ ಹಕ್ಕು. ಹೆಸರು ಹಾಕಿ ಹುಡುಕಿ, ಉತ್ತರವನ್ನೂ ಪ್ರಿಂಟ್ ತೆಗೆಯಿರಿ. ಒಂದು ಎಚ್ಚರ: ಮಂತ್ರಿ ಆದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಅವರ ಹೆಸರಿನಲ್ಲಿ ಪ್ರಶ್ನೆ ಸಿಗಲಿಲ್ಲ ಅಂತ ದೂರಬೇಡಿ.

ಕೊನೆಗೆ ಅನುದಾನ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಗೆ ವರ್ಷಕ್ಕೆ 2 ಕೋಟಿ ರೂಪಾಯಿ ಇದೆ. ಕೆಲಸ ಸೂಚಿಸುವುದು ಶಾಸಕರು, ದುಡ್ಡು ಬಿಡುಗಡೆ ಆಗುವುದು ಜಿಲ್ಲಾಧಿಕಾರಿ ಕಚೇರಿಯಿಂದ. ಅಲ್ಲಿನ ಮಾಹಿತಿ ಅಧಿಕಾರಿಗೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ. ಕಥೆ ಬರೆಯಬೇಡಿ. ಹೀಗೆ ಕೇಳಿ: "2023-24ರಿಂದ ಇಲ್ಲಿಯವರೆಗೆ ನಮ್ಮ ಕ್ಷೇತ್ರದಲ್ಲಿ ಶಾಸಕರ ನಿಧಿಯಿಂದ ಮಂಜೂರಾದ ಕಾಮಗಾರಿಗಳ ಪಟ್ಟಿ, ಊರು, ಮೊತ್ತ, ಈಗಿನ ಹಂತ." 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ ಹಾಕಬಹುದು, ಅದಕ್ಕೇ ಅರ್ಜಿಯ ಪ್ರತಿ ಮತ್ತು ಸ್ವೀಕೃತಿ ಜೋಪಾನ.

ಪಟ್ಟಿ ಕೈಗೆ ಬಂದ ಮೇಲೆ ಸುಮ್ನೆ ಫೈಲಿಗೆ ಸೇರಿಸಬೇಡಿ, ನಡೆದು ನೋಡಿ. ನಮ್ಮೂರಿನ ಹೆಸರಿನಲ್ಲಿ ಒಂದು ತಡೆಗೋಡೆ ಇತ್ತು. ಯಾರಿಗೂ ಗೊತ್ತಿರಲಿಲ್ಲ, ದುಡ್ಡು ನುಂಗಿದ್ದಾರೆ ಅಂತಲೇ ಎಲ್ಲರೂ ಅಂದುಕೊಂಡರು. ಹೋಗಿ ನೋಡಿದರೆ ಶಾಲೆಯ ಹಿಂದಿನ ಇಳಿಜಾರಿನಲ್ಲಿ ಗೋಡೆ ಇದೆ, ಗಟ್ಟಿಯಾಗಿಯೂ ಇದೆ. ಅದರ ಮುಂದಿನ ಸಾಲಿನಲ್ಲಿದ್ದ ಮೋರಿ ಮಾತ್ರ ಅರ್ಧಕ್ಕೆ ನಿಂತಿತ್ತು. ಎರಡರ ಫೋಟೋವನ್ನೂ ತಾರೀಕು ಹಾಕಿ ಫೈಲಿಗೆ ಸೇರಿಸಿದೆ, ಮೋರಿಯದ್ದನ್ನು ಗ್ರಾಮಸಭೆಗೂ ತೆಗೆದುಕೊಂಡು ಹೋದೆ.