ಕತ್ತರಿಸಿದ ಬ್ಯಾರೆಲ್‌ಗೆ ಹೊಸ ಫ್ರಂಟ್ ಸೈಟ್: ತವರದ ಬೆಸುಗೆ ಸಾಕು

ರಿವಾಲ್ವರ್ ಬ್ಯಾರೆಲ್ ತುದಿಯಲ್ಲಿ ಗುರಿ ಹಿಡಿಯಲು ಇರುವ ಫ್ರಂಟ್ ಸೈಟ್‌ಗೆ ತವರದ ಬೆಸುಗೆ ನಿಲ್ಲುವುದಿಲ್ಲ, ಸಿಲಿಂಡರ್ ತುಂಬಿ ನಾಲ್ಕು ಸಲ ಹೊಡೆದರೆ ಸೈಟ್ ಹಾರಿಹೋಗುತ್ತದೆ ಎಂದು ಶೂಟಿಂಗ್ ರೇಂಜ್‌ನಲ್ಲಿ ಎಲ್ಲರೂ ಹೇಳಿದ್ದರು. ಈಗ ಹತ್ತಿರ ಹತ್ತಿರ ಒಂಬೈನೂರು ಗುಂಡು ಹೊಡೆದಿದ್ದೇನೆ. ಸೈಟ್ ಕೂದಲಷ್ಟೂ ಕದಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಸ್ಮಿತ್ ಅಂಡ್ ವೆಸನ್ ಕಂಪನಿಯ ವಿಕ್ಟರಿ ಮಾಡೆಲ್ ರಿವಾಲ್ವರ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರಿಗೆ 5 ಇಂಚಿನ ಬ್ಯಾರೆಲ್‌ನಲ್ಲಿ ಹೋಗಿದ್ದ ಮಾಲು. ಯುದ್ಧ ಮುಗಿದ ಮೇಲೆ ಇಂಥವು ರಾಶಿ ರಾಶಿ ಅಮೆರಿಕಕ್ಕೆ ವಾಪಸ್ ಬಂದವು. ವ್ಯಾಪಾರಿಗಳು ಬ್ಯಾರೆಲ್ ಕತ್ತರಿಸಿ, ತೋಟಾ ಕೂರುವ ಚೇಂಬರ್ ಕೊರೆದು, .38 ಸ್ಪೆಷಲ್ ಎಂಬ ತೋಟಾ ಹಿಡಿಯುವಂತೆ ಮಾಡಿ ಮಾರಿದರು. ನನ್ನದನ್ನು ಮೂರೂವರೆ ಇಂಚಿಗೆ ಇಳಿಸಿ, ಸೈಟ್ ಇದ್ದ ಕಡೆ ಒಂದು ಹಿತ್ತಾಳೆ ಚೂರು ಅಂಟಿಸಿದ್ದರು. ಹಾಗಾಗಿ ಇಲ್ಲಿ ಟೆಕ್ಸಸ್‌ನಲ್ಲಿ ಇನ್ನೂರೈವತ್ತು ಡಾಲರ್ ಆಸುಪಾಸಿಗೇ ಸಿಕ್ಕಿತು. ಸೈಟ್ ಕೂರಿಸಲು ಗನ್‌ಸ್ಮಿತ್ ಒಬ್ಬರು ಕೇಳಿದ್ದು ನೂರೆಂಬತ್ತು, ಬ್ಲೂಯಿಂಗ್ (ಸ್ಟೀಲ್‌ಗೆ ಹಾಕುವ ಕಪ್ಪು-ನೀಲಿ ಬಣ್ಣ) ಬೇರೆ! ನನಗೆ ಎಲ್ಲಾ ಸೇರಿ ಅರವತ್ತರ ಒಳಗೇ ಮುಗಿಯಿತು.

ಊರಲ್ಲಿರುವವರಿಗೆ ಒಂದು ಮಾತು. ಲೈಸೆನ್ಸ್ ಇಲ್ಲದೆ ಬ್ಯಾರೆಲ್ ಕತ್ತರಿಸುವುದನ್ನು ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಸೆಕ್ಷನ್ ನಿಷೇಧಿಸುತ್ತದೆ. ಅಲ್ಲಿ ಕೈಹಾಕಬೇಡಿ.

ಮೊದಲು ಗುಜರಿ ಬ್ಯಾರೆಲ್ ತುಂಡುಗಳ ಮೇಲೆ ಎಲ್ಲಾ ದಾರಿ ನೋಡಿದೆ. ಎಪಾಕ್ಸಿ ಚೆನ್ನಾಗಿಯೇ ಹಿಡಿಯಿತು, ಬಿಸಿ ಏರಿದ ಮೇಲೆ ಮೆತ್ತಗಾಗಿ ಕೈಗೇ ಬಂತು. ಸ್ಕ್ರೂ ಹಾಕೋಣ ಎಂದರೆ ಬ್ಯಾರೆಲ್ ಗೋಡೆ ತೆಳ್ಳಗೆ, ಸ್ಕ್ರೂವಿನ ಎರಡು ಮೂರು ಸುತ್ತು ಹಿಡಿದರೆ ಹೆಚ್ಚು. ಬೆಳ್ಳಿ ಬೆಸುಗೆ ಗಟ್ಟಿ, ಒಪ್ಪುತ್ತೇನೆ. ಆದರೆ ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು. ಒಳಗೆ ಕಪ್ಪು ಪೊರೆ ಎದ್ದು ರೈಫ್ಲಿಂಗ್ (ಬ್ಯಾರೆಲ್ ಒಳಗಿನ ಸುರುಳಿ ಗೆರೆಗಳು) ಅಂಚು ಹಾಳಾಯಿತು. ತವರಕ್ಕೆ ಸುಮಾರು 220 ಸಾಕು.

ಗುಟ್ಟು ಬೆಸುಗೆಯಲ್ಲಿಲ್ಲ, ತೋಡಿನಲ್ಲಿದೆ. ಬ್ಯಾರೆಲ್ ಮೇಲೆ ಸಣ್ಣ ಅರದಿಂದ ಒಂದು ಮಿಲಿಮೀಟರ್ ಆಳದ ತೋಡು ತೆಗೆದೆ. ಸೈಟ್‌ಗೆ 1/8 ಇಂಚು ದಪ್ಪದ ಸ್ಟೀಲ್ ಪಟ್ಟಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಮಾತ್ರ ಕೂರಬೇಕು, ಅಷ್ಟು ಬಿಗಿ. ಒದೆತದ ಹೊರೆಯನ್ನು ತೋಡು ಹೊರುತ್ತದೆ, ತವರ ಸುಮ್ನೆ ಮೇಲೇಳದಂತೆ ಹಿಡಿದರೆ ಆಯಿತು. ಎರಡೂ ಕಡೆ ಮೊದಲೇ ತವರ ಸವರಿ, ಸುತ್ತ ಪೆನ್ಸಿಲ್‌ನಿಂದ ಗೀಚಿ. ಗೀಚಿದ ಕಡೆ ತವರ ಹರಿಯುವುದಿಲ್ಲ. ಬೆಂಕಿ ಬ್ಯಾರೆಲ್‌ಗೆ ಹಿಡಿಯಿರಿ, ಸೈಟ್‌ಗಲ್ಲ. ಕರಗಿದಾಗ ಬುಡದ ಅಂಚಿನಲ್ಲಿ ಹೊಳೆಯುವ ಸಣ್ಣ ಗೆರೆ ಓಡುತ್ತದೆ. ಸುತ್ತಲೂ ಒಂದೇ ಸಮ ಓಡಿತೋ, ತಕ್ಷಣ ಬೆಂಕಿ ತೆಗೆಯಿರಿ. ಪಟ್ಟಿಯನ್ನು ನೆಟ್ಟಗೆ ಹಿಡಿಯಲು ನಾನೇ ಮಾಡಿಕೊಂಡ ಕ್ಲ್ಯಾಂಪ್ ಒಂದಿದೆ, ಅದು ನನ್ನಲ್ಲೇ ಇರಲಿ. ಟಾಪ್ ಸ್ಟ್ರಾಪ್ (ಸಿಲಿಂಡರ್ ಮೇಲಿನ ಚೌಕಟ್ಟಿನ ಪಟ್ಟಿ) ಮೇಲೆ ಸ್ಪಿರಿಟ್ ಲೆವೆಲ್ ಇಟ್ಟು ಶುರುಮಾಡಿದರೆ ಅರ್ಧ ಕೆಲಸ ಆದಂತೆ.

ನಡುವೆ ಒಂದು ಆಸೆಗೆ ಡೈಮ್ (ಅಮೆರಿಕದ ಹತ್ತು ಸೆಂಟ್) ನಾಣ್ಯವನ್ನೂ ಅರ್ಧ ಮಾಡಿ ಕೂರಿಸಿ ನೋಡಿದೆ. 1965ಕ್ಕೆ ಮುಂಚಿನದು, ಶೇ. 90 ಬೆಳ್ಳಿ. ಇಲ್ಲಿನ ಹಳೇ ಕಾಲದವರು ಮಾಡುತ್ತಿದ್ದದ್ದೇ. ನೋಡೋಕೆ ಎಷ್ಟು ಚಂದ! ಆದರೆ ಬರೀ 1.35 ಮಿಲಿಮೀಟರ್ ದಪ್ಪ, ಹಿಂದಿನ ಸೈಟ್‌ನ ನಾಚ್‌ನಲ್ಲಿ (ಕಚ್ಚಿನಲ್ಲಿ) ಎರಡೂ ಕಡೆ ಬೆಳಕು ಜಾಸ್ತಿ, ಬಿಸಿಲಿಗೆ ಮಿಂಚು ಬೇರೆ. ತೆಗೆದೆ.

ಸೈಟ್ ಎತ್ತರವಾಗಿಯೇ ಬಿಡಿ. ಎತ್ತರ ಇದ್ದರೆ ಗುಂಡು ಕೆಳಗೆ ಬೀಳುತ್ತದೆ, ಅರ ಹಾಕಿದಷ್ಟೂ ಮೇಲೇರುತ್ತದೆ. ನನ್ನದು 10 ಗಜಕ್ಕೆ ಸುಮಾರು 5 ಇಂಚು ಕೆಳಗಿತ್ತು. ಎರಡು ಸೈಟ್‌ಗಳ ನಡುವೆಯೂ 5 ಇಂಚು. 10 ಗಜ ಅಂದರೆ 360 ಇಂಚು, ಐದೈದಲೆ 25ನ್ನು 360ರಿಂದ ಭಾಗಿಸಿದರೆ 0.07 ಇಂಚು. ಅದರಲ್ಲಿ ಮುಕ್ಕಾಲು ಭಾಗ ಇಳಿಸಿ, ಉಳಿದದ್ದನ್ನು ಹೊಡೆಯುತ್ತಾ ಹೊಡೆಯುತ್ತಾ ಇಳಿಸಿದೆ. ನೀವು ಯಾವಾಗಲೂ ಹೊಡೆಯುವ ತೋಟಾದಲ್ಲೇ ಇದನ್ನು ಮಾಡಿ. ಭಾರದ ಗುಂಡು ಮೇಲೆ ಬೀಳುತ್ತದೆ.

ಈ ಗನ್‌ಗಳ ಬೋರ್ (ಬ್ಯಾರೆಲ್ ಒಳಗಿನ ಅಗಲ) .361 ಇಂಚಿನ ಆಸುಪಾಸು, .38 ಸ್ಪೆಷಲ್ ಗುಂಡು .358. ಅದಕ್ಕೇ ನಾನು 148 ಗ್ರೇನಿನ ಟೊಳ್ಳು ಬುಡದ ವಾಡ್‌ಕಟರ್ (ಚಪ್ಪಟೆ ಮೂತಿಯ ಗುಂಡು) ಹಾಕುತ್ತೇನೆ. ಬುಡ ಅರಳಿ ಬೋರ್ ತುಂಬುತ್ತದೆ. 15 ಗಜಕ್ಕೆ ಎರಡೂವರೆ ಇಂಚಿನೊಳಗೆ ಗುಂಪು ಬರುತ್ತಿದೆ, ಈ ವಯಸ್ಸಿನ ಗನ್‌ಗೆ ಅದೇನು ಕಮ್ಮಿ ಅಲ್ವಾ? ಕೊರೆದ ಚೇಂಬರ್‌ನಲ್ಲಿ ಕೇಸಿನ ಬುಡ ಉಬ್ಬುತ್ತದೆ, ಹೆಚ್ಚು ಒತ್ತಡದ ಪ್ಲಸ್ ಪಿ ತೋಟಾ ಮಾತ್ರ ಬೇಡವೇ ಬೇಡ.

ಬಣ್ಣಕ್ಕೆ ಹಾಟ್ ಬ್ಲೂಯಿಂಗ್ ಮಾಡಿಸಬೇಡಿ, ಆ ಕಾಸ್ಟಿಕ್ ದ್ರಾವಣ ತವರವನ್ನು ತಿಂದುಹಾಕುತ್ತದೆ. ನಾನು ತುಕ್ಕು ಹಿಡಿಸಿ ನೀರಿನಲ್ಲಿ ಕುದಿಸುವ ರಸ್ಟ್ ಬ್ಲೂಯಿಂಗ್ ಮಾಡಿದೆ. ಕುದಿವ ನೀರಿನ ಬಿಸಿಗೆ ಬೆಸುಗೆ ಜಗ್ಗುವುದಿಲ್ಲ.