ಅರಫಾದಲ್ಲಿ ದುಆಗೆ (ಪ್ರಾರ್ಥನೆಗೆ) ಹೊತ್ತು ಉಳಿಸಿಕೊಳ್ಳಿ

ಹಜ್‌ಗೆ ಹೊರಟವರಿಗೆ ಒಂದು ಮಾತು. ದುಲ್‌ಹಜ್ 9ರಂದು ಮಕ್ಕಾ ಬಳಿಯ ಅರಫಾ ಬಯಲಿನಲ್ಲಿ ಝುಹರ್ (ಮಧ್ಯಾಹ್ನದ), ಅಸರ್ (ಇಳಿಹೊತ್ತಿನ) ಎರಡೂ ನಮಾಜ್ ಒಟ್ಟಿಗೆ ಮುಗಿಯುತ್ತವೆ. ಅಲ್ಲಿಂದ ಸೂರ್ಯ ಮುಳುಗುವವರೆಗಿನ ಹೊತ್ತೇ ಹಜ್‌ನ ತಿರುಳು. ಊಟ, ಹರಟೆ, ವಿಡಿಯೋ ಕಾಲ್‌ನಲ್ಲಿ ಅದನ್ನು ಕಳೆಯಬೇಡಿ. ದುಆ ಮಾಡಿ ಎಂದು ಕೇಳಿಕೊಂಡವರ ಹೆಸರುಗಳನ್ನು ಊರಲ್ಲೇ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಫೋನ್ ಚಾರ್ಜ್ ನಂಬೋಕಾಗಲ್ಲ.

ಅರಬಿ ಬರದಿದ್ದರೆ ಸಂಕೋಚ ಬೇಡ. ಕನ್ನಡ, ಬ್ಯಾರಿ, ಉರ್ದು, ಮನೆಯಲ್ಲಿ ಮಾತಾಡುವ ಭಾಷೆಯಲ್ಲೇ ಅಲ್ಲಾಹನಲ್ಲಿ ಕೇಳಿ. ಅಳು ಬರುವುದೂ ಆ ಭಾಷೆಯಲ್ಲೇ ಅಲ್ವಾ?

ತವಾಫ್‌ನಲ್ಲೂ (ಕಾಬಾ ಸುತ್ತುವಾಗಲೂ) ಅಷ್ಟೇ. 7 ಸುತ್ತಿಗೆ 7 ದುಆ ಎಂದು ನಿಗದಿಯಾಗಿಲ್ಲ. ಸುಮ್ನೆ ಪುಸ್ತಕ ನೋಡುತ್ತಾ ಮುಂದಿದ್ದವರಿಗೆ ಡಿಕ್ಕಿ ಹೊಡೆಯುವವರೇ ಜಾಸ್ತಿ! ಕಾಬಾದ ರುಕ್ನುಲ್ ಯಮಾನಿ ಮೂಲೆಯಿಂದ ಕಪ್ಪು ಶಿಲೆ ಹಜರುಲ್ ಅಸ್ವದ್‌ವರೆಗೆ 'ರಬ್ಬನಾ ಆತಿನಾ' ಎಂದು ಶುರುವಾಗುವ ದುಆ ಹೇಳಿ. ಉಳಿದ ಹಾದಿಯಲ್ಲಿ ನಿಮ್ಮ ಮನಸ್ಸಿನಲ್ಲಿರುವುದನ್ನು ಕೇಳಿಕೊಳ್ಳಿ.