ಪ್ಯಾಡ್ ಇಲ್ಲದೆ ನಡೆಯುವ ಮೌಸ್: ಕೊಳ್ಳುವ ಮೊದಲು ಟೇಬಲ್ ನೋಡಿ

ಬಾಗಲಕೋಟೆಯ ನವನಗರದಲ್ಲಿ ಡಿಟಿಪಿ ಕೆಲಸಕ್ಕೆಂದು ಮೊದಲ ಬಾರಿ ಸ್ವಂತ ಟೇಬಲ್ ಮಾಡಿಸಿದಾಗ, ಅದರ ಮೇಲೆ 5 ಮಿಲಿಮೀಟರ್ ದಪ್ಪದ ಗಾಜು ಹಾಸಿ, ಗಾಜಿನ ಕೆಳಗೆ ದರಪಟ್ಟಿಯನ್ನೂ ಕ್ಯಾಲೆಂಡರನ್ನೂ ಇಟ್ಟಿದ್ದೆ. ಹೊಸ ಮೌಸ್ ತಂದ ದಿನವೇ ಪರದೆಯ ಮೇಲಿನ ಬಾಣ ನಿಂತಲ್ಲಿ ನಿಲ್ಲದೆ ಜಿಗಿಯತೊಡಗಿತು. ಮೌಸ್ ಕೆಟ್ಟಿದೆಯೆಂದು ಅಂಗಡಿಗೆ ಹೋಗಿ ಬದಲಿಸಿಕೊಂಡು ಬಂದೆ. ಎರಡನೆಯದೂ ಹಾಗೆಯೇ ಮಾಡಿತು. ಕೊನೆಗೆ ಪ್ರೂಫ್ ತೆಗೆದಿಟ್ಟಿದ್ದ ಲಗ್ನಪತ್ರಿಕೆಯೊಂದು ಆಕಸ್ಮಿಕವಾಗಿ ಮೌಸಿನ ಕೆಳಗೆ ಸರಿದಾಗ ಬಾಣ ಕೈ ಹೇಳಿದಂತೆ ಕೇಳಿತು. ಆದ್ದರಿಂದ ಮೌಸಿನ ಕೆಳಗೆ ಹಾಸುವ ಪ್ಯಾಡ್ ಬೇಡವೆನ್ನುವವರು ಮೊದಲು ತಮ್ಮ ಟೇಬಲ್ ನೋಡಬೇಕು, ಆಮೇಲೆ ಅಂಗಡಿಗೆ ಹೋಗಬೇಕು.

ಪ್ಯಾಡಿನ ರೂಢಿ ಬಂದದ್ದು ಹೊಟ್ಟೆಯಲ್ಲಿ ಗುಂಡು ಇದ್ದ ಹಳೆಯ ಮೌಸ್‌ಗಳಿಂದ. ರಬ್ಬರ್ ಹೊದಿಸಿದ ಆ ಗುಂಡು ಜಾರದೆ ಉರುಳಲು ಹಿಡಿತವುಳ್ಳ ಹಾಸು ಬೇಕಾಗುತ್ತಿತ್ತು. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ನಂತರ ಗುಂಡಿಲ್ಲದ, ಬೆಳಕಿನಿಂದ ಕೆಲಸ ಮಾಡುವ ಮೌಸ್‌ಗಳು ಕ್ರಮೇಣ ಎಲ್ಲೆಡೆ ಹರಡಿದವು. ಇವುಗಳ ಅಡಿಯಲ್ಲಿ ಪುಟ್ಟ ಎಲ್‌ಇಡಿ ದೀಪವೊಂದು ಓರೆಯಾಗಿ ಬೆಳಕು ಚೆಲ್ಲುತ್ತದೆ. ಇಳಿಹೊತ್ತಿನ ಬಿಸಿಲಿನಲ್ಲಿ ಹೊಲದ ಸಣ್ಣ ಹೆಂಟೆಯೂ ಉದ್ದ ನೆರಳು ಬೀಳಿಸುವಂತೆ, ಆ ಓರೆ ಬೆಳಕಿನಲ್ಲಿ ಟೇಬಲ್ಲಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೂ ನೆರಳು ಮೂಡಿಸುತ್ತವೆ. ಒಳಗಿನ ಸೆನ್ಸರ್ ಈ ನೆರಳುಗಳ ಚಿತ್ರವನ್ನು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಬಾರಿ ತೆಗೆದು, ಹಿಂದಿನ ಚಿತ್ರದ ಗುರುತುಗಳು ಮುಂದಿನದರಲ್ಲಿ ಎಷ್ಟು ಸರಿದಿವೆಯೆಂದು ಲೆಕ್ಕ ಹಾಕಿ ಬಾಣವನ್ನು ಅಷ್ಟೇ ಸರಿಸುತ್ತದೆ.

ಗಾಜಿನಲ್ಲಿ ಹೆಂಟೆಯೇ ಇಲ್ಲ. ಬಿದ್ದ ಬೆಳಕಿನ ಹೆಚ್ಚಿನ ಪಾಲು ಅದರೊಳಗೆ ಹಾದುಹೋಗುತ್ತದೆ, ಉಳಿದದ್ದು ಕನ್ನಡಿಯಲ್ಲಿ ಪ್ರತಿಫಲಿಸಿದಂತೆ ಬೇರೆ ದಿಕ್ಕಿಗೆ ಹೊರಟುಹೋಗುತ್ತದೆ. ಕೆಳಗಿರುವ ಕ್ಯಾಲೆಂಡರನ್ನಾದರೂ ಮೌಸ್ ಓದಬಾರದೇಕೆ ಎಂದು ನನ್ನ ಬಳಿ ಹಲವರು ಕೇಳಿದ್ದಾರೆ. ಮೌಸಿನ ಮಸೂರವನ್ನು ತನ್ನ ಅಡಿಗೆ ತಾಗಿರುವ ಮೇಲ್ಮೈ ಮಾತ್ರ ಸ್ಪಷ್ಟವಾಗಿ ಕಾಣುವಂತೆ ಹೊಂದಿಸಿರುತ್ತಾರೆ. 5 ಮಿಲಿಮೀಟರ್ ಕೆಳಗಿರುವ ಕಾಗದ ಅದಕ್ಕೆ ಮಸುಕು ಮಸುಕಾಗಿ ಕಾಣುತ್ತದೆ.

ಇನ್ನು ನಿಮ್ಮ ಟೇಬಲ್ ಎಂಥದೆಂದು ತಿಳಿಯಲು ಮೊಬೈಲಿನ ಟಾರ್ಚ್ ಹೊತ್ತಿಸಿ, ಟೇಬಲ್ಲಿಗೆ ತೀರ ಹತ್ತಿರ ಓರೆಯಾಗಿ ಹಿಡಿಯಿರಿ. ದೀಪದ ಬಿಂಬ ಕನ್ನಡಿಯಲ್ಲಿ ಕಂಡಂತೆ ಚೊಕ್ಕವಾಗಿ ಕಂಡರೆ ಅದು ತೊಂದರೆ ಕೊಡಬಹುದಾದ ಮೇಲ್ಮೈ. ಬೆಳಕು ಮಂಕಾಗಿ ಹರಡಿದರೆ ಸಾಮಾನ್ಯ ಮೌಸ್ ಸಾಕು. ಸಾಗುವಾನಿ, ಪ್ಲೈವುಡ್, ಹೊಳಪಿಲ್ಲದ ಸನ್‌ಮೈಕಾ, ಪಾಲಿಶ್ ಮಾಡದ ಶಹಾಬಾದ್ ಪರಸಿ ಇವೆಲ್ಲ ಒಳ್ಳೆಯವು. ಹೊಳೆಯುವ ಬಿಳಿ ಸನ್‌ಮೈಕಾವನ್ನು ಮೌಸ್ ಇಟ್ಟು ನೋಡದೆ ನಂಬಬಾರದು. ನಮ್ಮ ಜಿಲ್ಲೆಯ ಇಳಕಲ್ಲಿನ ಕೆಂಪು ಗ್ರಾನೈಟ್ ಪಾಲಿಶ್ ಆಗಿದ್ದರೂ ಅದರ ಹರಳುಗಳ ಗುರುತು ಮೌಸಿಗೆ ನೆರವಾಗುವುದನ್ನು ಕಂಡಿದ್ದೇನೆ. ಕನ್ನಡಿಯಂತೆ ಹೊಳೆಯುವ ಕಪ್ಪು ಗ್ರಾನೈಟ್ ಮಾತ್ರ ಅಷ್ಟು ಅನುಕೂಲವಲ್ಲ. ನೆಲದ ಮೇಲೆ ಜಮಖಾನೆ ಹಾಸಿ ಕೆಲಸ ಮಾಡುವವರಿಗೆ ನೇಯ್ಗೆಯ ಎಳೆಗಳು ಚೆನ್ನಾಗಿ ಒದಗುತ್ತವೆ, ಆದರೆ ಸುಕ್ಕು ಬಿದ್ದಲ್ಲಿ ಮೌಸ್ ಮೇಲೆದ್ದು ಬಾಣ ತಡವರಿಸುತ್ತದೆ.

ಟೇಬಲ್ ಗೊತ್ತಾದ ಮೇಲೆ ಆಯ್ಕೆ ಸುಲಭ. ಕಡಿಮೆ ಖರ್ಚು ಬಯಸುವವರಿಗೆ ಹೆಸರಾಂತ ಕಂಪನಿಯ ತಂತಿಯ ಮೌಸನ್ನೇ ನಾನು ಹೇಳುತ್ತೇನೆ. ಸಾಮಾನ್ಯವಾಗಿ 300ರಿಂದ 500 ರೂಪಾಯಿಯೊಳಗೆ ಸಿಗುತ್ತದೆ, ಸೆಲ್ ಬದಲಿಸುವ ಗೋಜಿಲ್ಲ. ತಂತಿಯಿಲ್ಲದ್ದಕ್ಕೆ ಇದಕ್ಕಿಂತ ಹೆಚ್ಚು ತೆರಬೇಕು. ಡಬ್ಬದ ಮೇಲಿನ ಡಿಪಿಐ ಸಂಖ್ಯೆ ದೊಡ್ಡದಿದ್ದಷ್ಟೂ ಮೌಸ್ ಒಳ್ಳೆಯದೆಂಬ ಭಾವನೆ ಬಹಳ ಜನರಲ್ಲಿದೆ. ಅದು ಒಂದು ಅಂಗುಲ ಸರಿಸಿದರೆ ಮೌಸ್ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಹೊಳೆಯುವ ಟೇಬಲ್ಲನ್ನು ಓದುವ ಶಕ್ತಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ಎಣಿಕೆಗೆ ಬಾಣ ಪರದೆಯ ಒಂದು ಚುಕ್ಕೆಯಷ್ಟು (ಪಿಕ್ಸೆಲ್) ಸರಿಯುವಂತಿದ್ದರೆ, 1000 ಡಿಪಿಐ ಮೌಸನ್ನು ಎರಡು ಅಂಗುಲಕ್ಕಿಂತ ತುಸು ಕಡಿಮೆ ಸರಿಸಿದರೂ 1920 ಚುಕ್ಕೆ ಅಗಲದ ಪರದೆಯನ್ನು ಬಾಣ ದಾಟಿಬಿಡುತ್ತದೆ. ಬರವಣಿಗೆಗೂ ಲೆಕ್ಕಪತ್ರಕ್ಕೂ ಅಷ್ಟು ಸಾಕು. ಬರಿಗಾಜಿನ ಮೇಲೆ ನಡೆಯುವ ಮೌಸ್‌ಗಳೂ ಇವೆ. ಲಾಜಿಟೆಕ್ ಕಂಪನಿ 2009ರಲ್ಲಿ ತಂದ ಡಾರ್ಕ್‌ಫೀಲ್ಡ್ ತಂತ್ರ ಕನಿಷ್ಠ 4 ಮಿಲಿಮೀಟರ್ ದಪ್ಪದ ಗಾಜಿನ ಮೇಲೆ ಕೆಲಸ ಮಾಡುತ್ತದೆ, ಆದರೆ ಅಂಥವಕ್ಕೆ ಸಾವಿರಾರು ರೂಪಾಯಿ ಬೇಕು.

ಅಂಗಡಿಯಲ್ಲಿ ಮೌಸನ್ನು ಕಂಪ್ಯೂಟರಿಗೆ ಜೋಡಿಸಿ ತೋರಿಸಲು ಕೇಳಿರಿ. ಅಲ್ಲಿನ ಪ್ಯಾಡಿನ ಮೇಲೆ ಯಾವ ಮೌಸಾದರೂ ಚೆನ್ನಾಗಿಯೇ ನಡೆಯುತ್ತದೆ, ಆದ್ದರಿಂದ ಪ್ಯಾಡ್ ಸರಿಸಿ ನೋಡಬೇಕು. ಟೇಬಲ್ ಮಾಡಿಸುವಾಗ ಉಳಿದ ಸನ್‌ಮೈಕಾ ತುಂಡು ಮನೆಯಲ್ಲಿದ್ದರೆ ಸಂಕೋಚವಿಲ್ಲದೆ ಕೈಚೀಲದಲ್ಲಿ ಒಯ್ಯಿರಿ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಪೇಂಟ್ ತೆರೆದು ಬಹಳ ನಿಧಾನವಾಗಿ ಒಂದು ಸುತ್ತು, ಆಮೇಲೆ ಒಂದು ಓರೆ ಗೆರೆ ಎಳೆಯಿರಿ. ಗೆರೆ ತುಂಡಾದರೆ ಅಥವಾ ಗರಗಸದ ಹಲ್ಲಿನಂತೆ ಮೂಡಿದರೆ ಆ ಮೌಸ್ ಬೇಡ. ಬಳಿಕ ಕೈ ತೆಗೆದು ಹತ್ತು ಸೆಕೆಂಡ್ ಕಾಯಿರಿ, ಬಾಣ ಅಲುಗಬಾರದು. ಅಡಿಯಲ್ಲಿ ಕೆಂಪು ಬೆಳಕು ಕಾಣಲಿಲ್ಲವೆಂದು ಗಾಬರಿಯಾಗಬೇಡಿ, ಕೆಲವು ಮೌಸ್‌ಗಳ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ರಸೀದಿಯನ್ನೂ ವಾರಂಟಿ ಚೀಟಿಯನ್ನೂ ಕೇಳಿ ಪಡೆಯಿರಿ.

ಬಳಸುತ್ತ ಹೋದಂತೆ ಬಾಣ ತಡವರಿಸಿದರೆ ಮೌಸನ್ನು ತಿರುವಿ ನೋಡಿ. ಬೇಸಿಗೆಯ ಧೂಳು ಅಥವಾ ರಬಕವಿ–ಬನಹಟ್ಟಿಯಂಥ ಮಗ್ಗದ ಊರುಗಳಲ್ಲಿ ಗಾಳಿಗೆ ಹಾರಿ ಬರುವ ನೂಲಿನ ನಯವಾದ ಎಳೆ ಸೆನ್ಸರಿನ ಕಿಂಡಿಯಲ್ಲಿ ಕೂತಿರಬಹುದು. ಬಾಯಿಯಿಂದ ಊದಿದರೆ ಎಂಜಲಿನ ತೇವ ತಗಲುತ್ತದೆ, ತುದಿಗೆ ಹತ್ತಿ ಸುತ್ತಿದ ಒಣ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಟೇಬಲ್ ಗಾಜಿನದೇ ಆಗಿದ್ದು ಬದಲಿಸುವಂತಿಲ್ಲವಾದರೆ, ಹೊಳಪಿಲ್ಲದ ಒಂದು ಹಾಳೆಯನ್ನು ಗಾಜಿನ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ. ನನ್ನ ಟೇಬಲ್ಲಿನ ಮೇಲೆ ಈಗಲೂ ಇರುವುದು ಅಂಥದೇ ಒಂದು ಹಾಳೆ, ಸವೆದಾಗ ಬದಲಿಸುತ್ತೇನೆ.